ಲಿಬರಲ್ ಮನೆಯಲ್ಲಿ ಬಂದೂಕು ಇರಬಹುದಾ?

ಪರ: ನಮಗೂ ಬೇಕು ಕೋವಿ

ಟೆಕ್ಸಾಸ್‌ಗೆ ಬಂದು ಹದಿನೆಂಟು ವರ್ಷ ಆಯಿತು. ಸಿಟಿಜನ್ ಆದಾಗಿನಿಂದ ನನ್ನ ವೋಟು ಡೆಮಾಕ್ರಟರಿಗೇ. ಗರ್ಭಪಾತದ ಹಕ್ಕು, ಸಲಿಂಗ ಮದುವೆ, ವಲಸಿಗರ ವಿಷಯ, ಎಲ್ಲದರಲ್ಲೂ ನಾನು ಎಡಕ್ಕೆ. ಆದರೆ ನನ್ನ ಮನೆಯಲ್ಲಿ ಪಿಸ್ತೂಲಿದೆ ಅಂತ ಗೊತ್ತಾದ ದಿನ, ಯುಗಾದಿ ಊಟದಲ್ಲಿ ಚಿತ್ರಾನ್ನ ಬಡಿಸುತ್ತಿದ್ದವರು ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. "ನೀವಾ?" ಅಂದರು.

ಹೌದು, ನಾನೇ. ನಾನು ಕೊಡಗಿನವನು. ನಮ್ಮ ಆಯುಧಪೂಜೆಯಾದ ಕೈಲ್ ಮುಹೂರ್ತದ ದಿನ ಅಜ್ಜನ ಕೋವಿಗೆ ತೋಕ್‌ಪೂ ಅನ್ನುವ ಹೂ ಸಿಕ್ಕಿಸಿ ಕೈ ಮುಗಿದು ಬೆಳೆದವನು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ನಮಗೆ ಅದು ರೌಡಿಗಳ ಸಾಮಾನಲ್ಲ, ಮನೆಯ ಸಾಮಾನು.

ಕೊಡಗು ಬಿಡಿ, ಅಮೆರಿಕದ ಕಥೆಯನ್ನೇ ನೋಡಿ. 1956ರಲ್ಲಿ ಮಾಂಟ್‌ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮನೆಗೆ ಬಾಂಬ್ ಬಿತ್ತು. ಅವರು ಪಿಸ್ತೂಲು ಜೊತೆಗೆ ಒಯ್ಯಲು ಪರವಾನಗಿ ಕೇಳಿದರು. ಕೊಡಲಿಲ್ಲ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಕಪ್ಪು ಜನರ ಹಕ್ಕಿಗೆ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯ ಹುಡುಗರು ಗುಂಡು ತುಂಬಿದ ಕೋವಿ ಹಿಡಿದು ಪೊಲೀಸ್ ಕಾರಿನ ಹಿಂದೆಯೇ ಹೋಗುತ್ತಿದ್ದರು, ಏನು ಮಾಡುತ್ತಾರೋ ನೋಡೋಣ ಅಂತ. ಆಗಿನ ಕಾನೂನಿನಲ್ಲಿ ಅದು ತಪ್ಪಾಗಿರಲಿಲ್ಲ. 1967ರಲ್ಲಿ ಮಲ್ಫರ್ಡ್ ಕಾಯ್ದೆ ತಂದು ಅದನ್ನು ಅಪರಾಧ ಮಾಡಿದರು. ಸಹಿ ಹಾಕಿದ ಗವರ್ನರ್ ಯಾರು ಗೊತ್ತಾ? ರೊನಾಲ್ಡ್ ರೇಗನ್. ಬಂದೂಕು ಹಕ್ಕಿನ ದೊಡ್ಡ ಭಕ್ತರಾದ ರಿಪಬ್ಲಿಕನ್ ಪಕ್ಷದವರೇ! ಕಪ್ಪು ಜನರ ಕೈಗೆ ಕೋವಿ ಬಂದಾಗ ಮಾತ್ರ ಎಲ್ಲರಿಗೂ ನಿಯಂತ್ರಣ ನೆನಪಾಗುತ್ತದೆ.

ಶಿಕಾಗೊದಲ್ಲಿ ಪಿಸ್ತೂಲು ನಿಷೇಧದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ 2010ರಲ್ಲಿ ಗೆದ್ದವರು ಓಟಿಸ್ ಮೆಕ್‌ಡೊನಾಲ್ಡ್. ಎಪ್ಪತ್ತು ದಾಟಿದ, ನಿವೃತ್ತ ಕಪ್ಪು ಮನುಷ್ಯ. ಮನೆಗೆ ಮತ್ತೆ ಮತ್ತೆ ಕಳ್ಳರು ನುಗ್ಗಿ ಬೇಸತ್ತಿದ್ದರು. ಇವರನ್ನು ಬಲಪಂಥೀಯ ಅನ್ನುತ್ತೀರಾ?

ಶಾಲೆಗಳಲ್ಲಿ ಗುಂಡು ಹಾರುತ್ತದಲ್ಲ ಅಂತ ಕೇಳುತ್ತೀರಿ. ನಮ್ಮ ಟೆಕ್ಸಾಸ್‌ನ ಯುವಾಲ್ಡಿಯನ್ನೇ ತೆಗೆದುಕೊಳ್ಳಿ. 2022ರಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತರು. ಅಲ್ಲಿ ಸೇರಿದ್ದ ಪೊಲೀಸರು 376 ಜನ. ಒಳಗೆ ನುಗ್ಗಿ ಗುಂಡು ಹಾರಿಸಿದವನನ್ನು ಹೊಡೆಯಲು ತೆಗೆದುಕೊಂಡಿದ್ದು 77 ನಿಮಿಷ. ಪೊಲೀಸರು ಬರುತ್ತಾರೆ, ನಿನಗ್ಯಾಕೆ ಕೋವಿ ಅನ್ನುವವರು ಈ 77 ನಿಮಿಷವನ್ನು ಗಡಿಯಾರ ಇಟ್ಟುಕೊಂಡು ಕೂತು ನೋಡಲಿ.

ನಾನು ಪಿಸ್ತೂಲು ಕೊಂಡಿದ್ದು 2017ರಲ್ಲಿ. ಆ ಫೆಬ್ರುವರಿಯಲ್ಲಿ ಕಾನ್ಸಾಸ್‌ನ ಒಲಾಥೆಯ ಬಾರಿನಲ್ಲಿ ಒಬ್ಬ ಬಿಳಿಯ, ನನ್ನ ದೇಶ ಬಿಟ್ಟು ತೊಲಗಿ ಅಂತ ಕೂಗಿ ತೆಲುಗು ಇಂಜಿನಿಯರ್ ಒಬ್ಬರನ್ನು ಕೊಂದ. ಅವರೂ ನನ್ನ ಹಾಗೇ ಕೆಲಸ ಮುಗಿಸಿ ಗೆಳೆಯನ ಜೊತೆ ಕೂತಿದ್ದರು. ಮುಂದಿನ ವಾರ ಅಂಗಡಿಗೆ ಹೋದೆ. ಫಾರಂ ತುಂಬಿದೆ. ಕೌಂಟರಿನವನು ನನ್ನ ಹಿನ್ನೆಲೆ ಪರಿಶೀಲನೆಗೆ ಎಫ್‌ಬಿಐಗೆ ಫೋನ್ ಹಚ್ಚಿ ನನ್ನ ಹೆಸರಿನ ಸ್ಪೆಲಿಂಗ್ ಹೇಳುತ್ತಾ ಮೂರು ಸಲ ತಪ್ಪಿದ. ಕೊನೆಗೆ ಚೀಟಿಯಲ್ಲಿ ಬರೆದುಕೊಟ್ಟೆ. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕೇಳಿದಳು, "ಅದರ ಬೀಗದ ನಂಬರ್ ಏನು?"

ವಿರೋಧ: ಆ ಈಮೇಲ್

ವಿರೋಧದ ಕಡೆ ಬರೆಯಿರಿ ಅಂದರು, ಒಪ್ಪಿಕೊಂಡೆ. ಗೆಳೆಯರ ಬರಹ ಚೆನ್ನಾಗಿದೆ. ಆದರೆ ತೋಟಕ್ಕೆ ನುಗ್ಗುವ ಹಂದಿ ಓಡಿಸುವ ಅಜ್ಜನ ಕೋವಿಗೂ ಯುವಾಲ್ಡಿಯ ರೈಫಲ್ಲಿಗೂ ಏನು ಸಂಬಂಧ? ಅದನ್ನು 18 ವರ್ಷದ ಹುಡುಗ ಕಾನೂನು ಪ್ರಕಾರವೇ, ಅಂಗಡಿಯ ಮೂಲಕವೇ ಕೊಂಡಿದ್ದ. ಈ ವಿಷಯಕ್ಕೆ ಗೆಳೆಯರ ಗಡಿಯಾರ ನಿಂತುಹೋಗಿದೆ. ಒಲಾಥೆಯ ವಿಷಯಕ್ಕೂ ಅಷ್ಟೇ. ಮುಖ್ಯವಾಗಿ ಮದ್ಯ ಮಾರುವ ಬಾರಿನೊಳಗೆ ಪಿಸ್ತೂಲು ಒಯ್ಯಲು ಅವರ ಟೆಕ್ಸಾಸ್ ಕೂಡ ಬಿಡುವುದಿಲ್ಲ. ಕಿಂಗ್ ಆಮೇಲೆ ಮನೆಯಲ್ಲಿ ಕೋವಿಯೇ ಬೇಡ ಅಂದುಬಿಟ್ಟರು, ಅದೂ ಬರೆದಿಲ್ಲ. ಉಳಿದ ಇತಿಹಾಸಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬಿಟ್ಟು ಮುಂದೆ ಹೋಗೋಣ.

ಲೆಕ್ಕ ಹೇಳಬೇಕಲ್ಲ. 2021ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಸತ್ತವರು 48,830 ಜನ. ಅದರಲ್ಲಿ 26,328 ಆತ್ಮಹತ್ಯೆ. ಕಳ್ಳ ಬರುತ್ತಾನೆ, ದ್ವೇಷಿ ಬರುತ್ತಾನೆ ಅಂತ ಕೊಂಡ ಕೋವಿ ಜಾಸ್ತಿ ಸಲ ತಿರುಗುವುದು ಕೊಂಡವರ ಕಡೆಗೇ.

ನಾನಿರುವ ನ್ಯೂಜೆರ್ಸಿಯಲ್ಲಿ ಬಂದೂಕು ಕೊಳ್ಳಬೇಕಾದರೆ ಬೆರಳಚ್ಚು ಕೊಡಬೇಕು, ಇಬ್ಬರು ಪರಿಚಯದವರ ಹೆಸರೂ ಕೊಡಬೇಕು. ಮೂರು ವರ್ಷದ ಹಿಂದೆ ಒಬ್ಬ ಹಳೇ ಗೆಳೆಯ ನನ್ನ ಹೆಸರು ಕೊಟ್ಟ. ಅವನೂ ಪಕ್ಕಾ ಲಿಬರಲ್, ನನ್ನ ಜೊತೆ ಪ್ರತಿಭಟನೆಗೆ ಬಂದವನು. ಆ ವರ್ಷ ಅವನ ಡೈವೋರ್ಸ್ ಆಗಿತ್ತು. ಮಗಳು ವಾರ ಬಿಟ್ಟು ವಾರ ಬರುತ್ತಿದ್ದಳು.

ಅವನ ಬಗ್ಗೆ ಕೇಳಿ ಪೊಲೀಸರಿಂದ ಈಮೇಲ್ ಬಂತು. ಇವರು ಕುಡಿಯುತ್ತಾರಾ? ಮಾನಸಿಕ ತೊಂದರೆ ಇದೆಯಾ? ಕೋವಿ ಕೊಡಬಾರದು ಅನ್ನಲು ಏನಾದರೂ ಕಾರಣ ಇದೆಯಾ? ಇಲ್ಲ, ಇಲ್ಲ, ಇಲ್ಲ ಅಂತ ಒತ್ತಿದರೆ ಎರಡು ನಿಮಿಷದ ಕೆಲಸ. ಹಿಂದಿನ ತಿಂಗಳು ರಾತ್ರಿ ಒಂದೂವರೆಗೆ ಫೋನ್ ಮಾಡಿ ಅವನು ಏನೂ ಮಾತಾಡದೆ ಉಸಿರಾಡುತ್ತಾ ಕೂತಿದ್ದು ನೆನಪಾಯಿತು. ಅದಕ್ಕೆ ಯಾವ ಪ್ರಶ್ನೆಯ ಕೆಳಗೂ ಜಾಗ ಇರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ.

ಅವನು ಕೋವಿ ಇಡಬಾರದು ಅಂತ ನಾನು ಹೇಳಲಾರೆ. ಹಕ್ಕು ಅವನದು, ಅದನ್ನು ಅರ್ಧ ಒಪ್ಪುತ್ತೇನೆ ಕೂಡ. ಎರಡು ವಾರ ಬಿಟ್ಟು ಅವನೇ ಕೇಳಿದ, "ಮೇಲ್ ಬಂತೇನೋ?" ಸ್ಪ್ಯಾಮ್‌ಗೆ ಹೋಗಿರಬೇಕು, ನೋಡ್ತೀನಿ ಅಂದೆ. ಸ್ಪ್ಯಾಮ್‌ಗೆ ಹೋಗಿರಲಿಲ್ಲ. ಶನಿವಾರ ಊಟಕ್ಕೆ ಕರೆದೆ. ಮಗಳನ್ನೂ ಕರೆದುಕೊಂಡು ಬಂದ. ಬಿಸಿಬೇಳೆಬಾತ್ ಎರಡು ಸಲ ಹಾಕಿಸಿಕೊಂಡ. ಮೇಲ್ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.