ಕುಡುಕನ ಮಗ ಕುಡುಕನೇ ಆಗಬೇಕಾ?

"ಅವರಪ್ಪನ ಬುದ್ಧಿ ಎಲ್ಲಿ ಹೋಗುತ್ತೆ? ರಕ್ತದಲ್ಲೇ ಬಂದಿದೆ ಬಿಡಿ." ಕುಡಿಯುವ ಅಪ್ಪನ ಮಕ್ಕಳ ಬಗ್ಗೆ ನಮ್ಮ ಕಡೆ ಈ ಮಾತನ್ನು ಎಷ್ಟು ಸಲೀಸಾಗಿ ಆಡ್ತಾರೆ ನೋಡಿ. ಆ ಹುಡುಗ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿರುತ್ತಾನೆ ಅನ್ನೋದೂ ನೆನಪಿರುವುದಿಲ್ಲ. ಈ ಮಾತಿನಲ್ಲಿ ಸ್ವಲ್ಪ ನಿಜ ಇದೆ, ಅದಕ್ಕೇ ನನಗೆ ಜಾಸ್ತಿ ಸಂಕಟ. ಆ ಸ್ವಲ್ಪ ನಿಜವನ್ನು ಹಿಡಿದುಕೊಂಡೇ ನಾವು ಒಬ್ಬ ಹುಡುಗನ ಕೈ ಬಿಟ್ಟುಬಿಡುತ್ತೇವೆ.

ನಿಜ ಎಷ್ಟು ಅಂತ ನೋಡೋಣ. ಡೆನ್ಮಾರ್ಕ್‌ನಲ್ಲಿ ಹುಟ್ಟಿ ಆರು ವಾರ ತುಂಬುವ ಮೊದಲೇ ದತ್ತು ಹೋಗಿದ್ದ ಗಂಡುಮಕ್ಕಳನ್ನು, ಅವರು ಮೂವತ್ತರ ಆಸುಪಾಸಿಗೆ ಬಂದ ಮೇಲೆ, ಹುಡುಕಿ ಮಾತಾಡಿಸಿದ ಒಂದು ಅಧ್ಯಯನ ಇದೆ. ಮನೋವೈದ್ಯ ಡೊನಾಲ್ಡ್ ಗುಡ್ವಿನ್ ಮತ್ತು ಅವರ ಜೊತೆಗಾರರು 1973ರಲ್ಲಿ ಅದನ್ನು ಪ್ರಕಟಿಸಿದರು. ಹೆತ್ತವರಲ್ಲಿ ಒಬ್ಬರು ಕುಡಿತದ ರೋಗಿಯಾಗಿದ್ದ ಮಕ್ಕಳಲ್ಲಿ ನೂರಕ್ಕೆ 18 ಮಂದಿ ತಾವೂ ಕುಡಿತಕ್ಕೆ ಬಿದ್ದಿದ್ದರು. ಅಂಥ ಹಿನ್ನೆಲೆ ಇಲ್ಲದ ದತ್ತು ಮಕ್ಕಳಲ್ಲಿ ನೂರಕ್ಕೆ 5 ಮಂದಿ ಮಾತ್ರ. ಹೆತ್ತವರ ಮನೆಯಲ್ಲಿ ಬೆಳೆಯದಿದ್ದರೂ ಅಷ್ಟು ವ್ಯತ್ಯಾಸ. ಅಂದರೆ ಹುಟ್ಟಿನಿಂದ ಏನೋ ಬಂದಿದೆ, ಒಪ್ಪಬೇಕು.

ಈಗ ಅದೇ ಲೆಕ್ಕವನ್ನು ಈ ಕಡೆಯಿಂದ ಓದಿ. ಅಂಥವರಿಗೆ ಹುಟ್ಟಿದ ನೂರು ಮಂದಿಯಲ್ಲಿ 82 ಮಂದಿ ಆ ದಾರಿ ಹಿಡಿದಿರಲಿಲ್ಲ! ಈ 82ರ ಸುದ್ದಿಯನ್ನು ನಮ್ಮೂರಿನ ಜಗಲಿ ಮೇಲೆ ಯಾರೂ ಎತ್ತುವುದಿಲ್ಲ.

ಅವಳಿ ಮಕ್ಕಳ ಅಧ್ಯಯನಗಳಿಂದ ಬಂದ ಇನ್ನೊಂದು ಅಂಕಿಯನ್ನೂ ಜನ ತಪ್ಪಾಗಿ ಓದುತ್ತಾರೆ. ಕುಡಿತದ ಚಟದಲ್ಲಿ ಜೀನ್‌ಗಳ, ಅಂದರೆ ವಂಶವಾಹಿಗಳ, ಪಾಲು ಸುಮಾರು ಅರ್ಧ ಅಂತ ಆ ಅಧ್ಯಯನಗಳು ಹೇಳುತ್ತವೆ. ಅದು ಒಂದು ಸಮಾಜದಲ್ಲಿ ಜನರ ನಡುವೆ ಇರುವ ವ್ಯತ್ಯಾಸದ ಲೆಕ್ಕ. ನಿಮ್ಮ ಪಕ್ಕದ ಮನೆ ಹುಡುಗ ಹಾಳಾಗುವ ಸಾಧ್ಯತೆ ಅರ್ಧಕ್ಕರ್ಧ ಅಂತ ಅದರರ್ಥ ಆಗುವುದಿಲ್ಲ. ಸಾಲದ್ದಕ್ಕೆ, ಆ ಅಂಕಿ ಊರಿಂದ ಊರಿಗೆ ಬದಲಾಗುತ್ತದೆ. ಫಿನ್ಲೆಂಡ್‌ನ ಹದಿಹರೆಯದ ಅವಳಿಗಳಲ್ಲಿ ಜೀನ್‌ಗಳ ಪ್ರಭಾವ ಪಟ್ಟಣದಲ್ಲಿ ಜಾಸ್ತಿ, ಹಳ್ಳಿಯಲ್ಲಿ ಕಡಿಮೆ ಕಂಡಿತು. ಎಲ್ಲರ ಕಣ್ಣು ಇರುವ ಕಡೆ, ಮದ್ಯ ಸುಲಭವಾಗಿ ಸಿಗದ ಕಡೆ, ಒಳಗಿನ ಒಲವು ಒಳಗೇ ಉಳಿಯುತ್ತದೆ.

ಹಾಗಾದರೆ ಮಗನಿಗೆ ಬರುವುದೇನು? ಕುಡಿತದ ಜೀನ್ ಅಂತ ಒಂದೇ ಒಂದು ಇಲ್ಲ. ಪುಟ್ಟ ಪುಟ್ಟ ಪ್ರಭಾವದ ಎಷ್ಟೋ ಜೀನ್‌ಗಳಿವೆ. ಮದ್ಯ ಮೈಯಲ್ಲಿ ಹೇಗೆ ಕರಗುತ್ತದೆ, ಎಷ್ಟು ಬೇಗ ಏರುತ್ತದೆ, ಮನಸ್ಸಿಗೆ ಎಷ್ಟು ತಾಳ್ಮೆ ಇದೆ, ಇಂಥವನ್ನು ಅವು ಅಷ್ಟಿಷ್ಟು ತಿದ್ದುತ್ತವೆ.

ಇಲ್ಲೊಂದು ವಿಷಯ ಹೇಳಲೇಬೇಕು. ಮಂಡ್ಯದ ಕಡೆ ಒಂದು ಬೀಗರೂಟದಲ್ಲಿ ನೋಡಿದ್ದು. ಶಾಮಿಯಾನದ ಹಿಂದೆ, ತೆಂಗಿನ ಮರದ ಕೆಳಗೆ ಗಂಡಸರ ಗುಂಪು. ಡಿಗ್ರಿ ಓದುತ್ತಿದ್ದ ಹುಡುಗನೊಬ್ಬನಿಗೆ ಸೋದರಮಾವ ಪ್ಲಾಸ್ಟಿಕ್ ಲೋಟದಲ್ಲಿ ಬಗ್ಗಿಸಿ ಕೊಡುತ್ತಿದ್ದ. ಹುಡುಗ ಮೂರನೆಯದು ಮುಗಿಸಿಯೂ ನೆಟ್ಟಗೆ ನಿಂತಿದ್ದ. "ನೋಡ್ರಪ್ಪಾ, ಅವರಪ್ಪನ ಕೆಪ್ಯಾಸಿಟೀನೇ ಬಂದೈತೆ" ಅಂತ ಮಾವ ಬೆನ್ನು ತಟ್ಟಿದ. ಸುತ್ತ ಇದ್ದವರೆಲ್ಲ ನಕ್ಕರು. ಆ ಅಪ್ಪ ಲಿವರ್ ಕೆಟ್ಟು ತೀರಿಕೊಂಡಿದ್ದ.

ಕೆಪ್ಯಾಸಿಟಿ ಅಂತ ನಾವು ಹೊಗಳುವುದೇ ಅಪಾಯದ ಗುರುತು. ಅಮೆರಿಕದ ಮನೋವೈದ್ಯ ಮಾರ್ಕ್ ಶುಕಿಟ್ ಕುಡಿತದ ರೋಗಿಗಳ ಗಂಡುಮಕ್ಕಳನ್ನು ಎಷ್ಟೋ ವರ್ಷ ಹಿಂಬಾಲಿಸಿ ನೋಡಿದರು. ಅಷ್ಟೇ ಕುಡಿದರೂ ಇವರಲ್ಲಿ ಅನೇಕರಿಗೆ ಉಳಿದವರಿಗಿಂತ ಕಡಿಮೆ ಏರುತ್ತಿತ್ತು. ಹೀಗೆ ಕಡಿಮೆ ಏರುವವರೇ ಮುಂದೆ ಜಾಸ್ತಿ ಚಟಕ್ಕೆ ಬಿದ್ದರು. ಸಾಕು ಅಂತ ಮೈ ಹೇಳುವುದು ತಡವಾದರೆ ಲೋಟಗಳು ಏರುತ್ತಾ ಹೋಗುತ್ತವೆ, ಅಷ್ಟೇ. ಆ ಹುಡುಗನಿಗೆ ಮೈಗುಣ ಅಪ್ಪನಿಂದ ಬಂದಿರಬಹುದು. ಲೋಟ ಕೊಟ್ಟ ಕೈ, ಬೆನ್ನು ತಟ್ಟಿದ ಕೈ, ಆ ನಗು, ಇವೆಲ್ಲ ನಮ್ಮವು.

ಇದಕ್ಕೆ ತದ್ವಿರುದ್ಧ ಕತೆ ಜಪಾನಿನದು. ಅಲ್ಲಿ ತುಂಬಾ ಜನರಲ್ಲಿ, ಮದ್ಯವನ್ನು ಮೈಯಲ್ಲಿ ಕರಗಿಸುವುದರಲ್ಲಿ ಪಾಲಿರುವ ಎಎಲ್‌ಡಿಎಚ್‌2 ಅನ್ನುವ ಜೀನ್‌ನ ನಿಧಾನದ ರೂಪ ಇದೆ. ಸ್ವಲ್ಪ ಕುಡಿದರೂ ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ. ಮೈಯೇ ಕಾವಲು ಕೂತ ಹಾಗೆ. ಆದರೂ 1979ರಲ್ಲಿ ಅಲ್ಲಿನ ಕುಡಿತದ ರೋಗಿಗಳಲ್ಲಿ ಈ ರೂಪ ಇದ್ದವರು ನೂರಕ್ಕೆ 2.5 ಇದ್ದದ್ದು, 1992ರ ಹೊತ್ತಿಗೆ 13 ಆಯಿತು. ಹದಿಮೂರು ವರ್ಷದಲ್ಲಿ ಒಂದು ದೇಶದ ಜೀನ್‌ಗಳು ಬದಲಾಗುವುದಿಲ್ಲ. ಬದಲಾದದ್ದು ಕುಡಿತದ ರೂಢಿ. ಕಾಪಾಡುವ ಜೀನ್ ಇದ್ದವರನ್ನೂ ಅದು ಬೀಳಿಸಿತು.

ಬೀಳಿಸುವ ವಾತಾವರಣ ಇದ್ದ ಹಾಗೇ ಎತ್ತಿ ನಿಲ್ಲಿಸುವ ವಾತಾವರಣವೂ ಇರುತ್ತದೆ. ಐಸ್‌ಲೆಂಡ್‌ನಲ್ಲಿ 1998ರಲ್ಲಿ 15-16 ವರ್ಷದ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ತಿಂಗಳಲ್ಲಿ ಕುಡಿದು ಮತ್ತರಾಗಿದ್ದಾಗಿ ಹೇಳಿದ್ದರು. 2016ಕ್ಕೆ ಅದು 5ಕ್ಕೆ ಇಳಿಯಿತು. ಅವರು ಮಾಡಿದ್ದು ತೀರಾ ಸಾಮಾನ್ಯ ಕೆಲಸಗಳನ್ನೇ. ಆಟ, ಸಂಗೀತ, ಕುಣಿತದ ತರಗತಿಗಳಿಗೆ ಸರ್ಕಾರ ದುಡ್ಡು ಕೊಟ್ಟಿತು. ರಾತ್ರಿ ಹೊತ್ತು ಮಕ್ಕಳು ಸುಮ್ನೆ ಹೊರಗೆ ಅಲೆಯದಂತೆ ನಿಯಮ ಮಾಡಿದರು. ಅಪ್ಪ ಅಮ್ಮಂದಿರು ಒಂದಾಗಿ, ಮಕ್ಕಳ ಜೊತೆ ಜಾಸ್ತಿ ಹೊತ್ತು ಕಳೆಯುತ್ತೇವೆ ಅಂತ ಒಪ್ಪಿಕೊಂಡರು. 20 ವರ್ಷ ತುಂಬದವರಿಗೆ ಮದ್ಯ ಮಾರಬಾರದು ಅನ್ನುವ ಕಾನೂನೂ ಇದೆ.

ನಮ್ಮಲ್ಲಿ ಏನಾಗುತ್ತಿದೆ? 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋಯಿತು, ಈಗ ಅಗ್ಗದ ವಿಸ್ಕಿಯ ಪುಟ್ಟ ಟೆಟ್ರಾ ಪ್ಯಾಕ್. ಅದನ್ನು ತರಲು ಮಗನನ್ನೇ ಕಳಿಸುವ ಅಪ್ಪಂದಿರಿದ್ದಾರೆ. ಮನೆಯಲ್ಲಿ ದಿನಾ ಜಗಳ, ಅಮ್ಮನಿಗೆ ಏಟು, ಸಾಲ, ಅರ್ಧಕ್ಕೆ ನಿಂತ ಓದು. ಜೀನ್ ಕೊಟ್ಟ ಅಪ್ಪನೇ ಈ ಮನೆಯನ್ನೂ ಕೊಟ್ಟಿರುತ್ತಾನೆ. ಅದರ ಮೇಲೆ ಊರಿನವರು "ಕುಡುಕನ ಮಗ" ಅಂತ ಹೆಸರಿಡುತ್ತಾರೆ. ಇಷ್ಟೆಲ್ಲ ಹೇರಿಬಿಟ್ಟು ಕೊನೆಗೆ ರಕ್ತದ ಮೇಲೆ ತಪ್ಪು ಹೊರಿಸುವುದು ಯಾವ ನ್ಯಾಯ?

ನಾನು ಕೇಳಿಕೊಳ್ಳುವುದು ಇಷ್ಟು. ಮನೆತನದಲ್ಲಿ ಶುಗರ್ ಇದ್ದರೆ ಮಕ್ಕಳಿಗೆ ಹೇಗೆ ಹೇಳಿ ಎಚ್ಚರಿಸುತ್ತೇವೋ ಹಾಗೇ ಇದನ್ನೂ ಹೇಳಿ. "ನಿನ್ನ ಮೈಗೆ ಇದು ಬೇಗ ಅಂಟಬಹುದು ಕಣಪ್ಪ, ನೀನು ಶುರು ಮಾಡದಿದ್ದರೇ ಒಳ್ಳೆಯದು" ಅಂತ, ನಾಚಿಕೆ ಇಲ್ಲದೆ, ಬೈಯದೆ. ಮಾವಂದಿರೇ, ಚಿಕ್ಕಪ್ಪಂದಿರೇ, ಮದುವೆಗಳಲ್ಲಿ ಆ ಹುಡುಗರಿಗೆ ಬಗ್ಗಿಸಿ ಕೊಡಬೇಡಿ, ದಯವಿಟ್ಟು. ಮೇಷ್ಟ್ರುಗಳೇ, ಅಂಥ ಮನೆಯ ಮಗು ಸಂಜೆ ಎಲ್ಲಿರುತ್ತದೆ ಅಂತ ಒಮ್ಮೆ ವಿಚಾರಿಸಿ. ಕಬಡ್ಡಿ ಆಡಲೋ, ತಮಟೆ ಕಲಿಯಲೋ ಕರೆದುಕೊಳ್ಳಿ.

ಆಗಲೇ ಶುರುವಾಗಿದ್ದರೂ ಕೈ ಚೆಲ್ಲಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವುದಕ್ಕೆಂದೇ ಪ್ರತ್ಯೇಕ ವಿಭಾಗ ಇದೆ. ದೂರದವರು 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವರೇ ಮಾಡಬೇಕು ಅಂತೇನಿಲ್ಲ. ಅಮ್ಮ ಮಾಡಬಹುದು, ಅಕ್ಕ ಮಾಡಬಹುದು, ಅಪ್ಪನನ್ನು ನೋಡಿ ಹೆದರಿರುವ ಮಗನೂ ಮಾಡಬಹುದು.