ಪಾಸ್‌ವರ್ಡ್ ಹೊಡೆಯೋ ಮುಂಚೆ ಆಫ್ ಮಾಡಿ

ಡೆಮೊ ಕೊಡುವಾಗ ಒತ್ತಿದ ಕೀಗಳು ಪರದೆ ಮೇಲೆ ಕಾಣಲಿ, ಅದಕ್ಕೊಂದು ಆ್ಯಪ್ ಹಾಕಿಕೊಳ್ಳಿ ಎಂದು ಬರೆದಿದ್ದೀರಿ. ಕೀ ಕಾಣಬೇಕು ಅನ್ನೋದು ಒಪ್ಪಿದೆ. ಆದರೆ ಅದಕ್ಕೆ ಬೇರೆ ಆ್ಯಪ್ ಯಾಕೆ? ಕೋಡ್ ಬರೆಯೋ ಎಡಿಟರ್ ವಿಎಸ್ ಕೋಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಪಿ ಒತ್ತಿ 'ಸ್ಕ್ರೀನ್‌ಕಾಸ್ಟ್ ಮೋಡ್' ಅಂತ ಹುಡುಕಿದರೆ ಸಾಕು. ಒತ್ತಿದ ಕೀ ಕೆಳಗಡೆ ದೊಡ್ಡದಾಗಿ ಮೂಡುತ್ತದೆ. ಆದರೆ 800 ಮಿಲಿಸೆಕೆಂಡಿಗೆ ಮಾಯ! ಹಿಂದಿನ ಸಾಲಿನವರಿಗೆ ಅದು ಸಾಲದು, ಸೆಟ್ಟಿಂಗ್ಸ್‌ನಲ್ಲಿ 2000 ಮಾಡಿಕೊಳ್ಳಿ. ಈಮ್ಯಾಕ್ಸ್ ಎಡಿಟರ್‌ನವರಿಗೆ ಕೀಕಾಸ್ಟ್ ಅನ್ನೋ ಪ್ಯಾಕೇಜ್ ಇನ್ನೂ ಚೆಂದ, ಕೀ ಜೊತೆ ಯಾವ ಕಮ್ಯಾಂಡ್ ನಡೆಯಿತು ಅನ್ನೋದೂ ಕೆಳಗಿನ ಮಾಹಿತಿ ಪಟ್ಟಿಯಲ್ಲಿ (ಮೋಡ್‌ಲೈನ್) ಬರುತ್ತದೆ.

ಶಾರ್ಟ್‌ಕಟ್ ಮಾತ್ರ ತೋರಿಸಿ, ಪ್ರತಿ ಅಕ್ಷರ ಬೇಡ. ಇಲ್ಲದಿದ್ದರೆ ಬರೀ ಬ್ಯಾಕ್‌ಸ್ಪೇಸ್‌ಗಳ ಜಾತ್ರೆ. ನಾನು ಒಮ್ಮೆ ಎಲ್ಲವನ್ನೂ ಆನ್ ಇಟ್ಟುಕೊಂಡೇ ಕಮ್ಯಾಂಡ್ ಹೊಡೆಯೋ ಕಿಟಕಿಯಲ್ಲಿ, ಅಂದರೆ ಟರ್ಮಿನಲ್‌ನಲ್ಲಿ, ಸುಡೊ (ಅಡ್ಮಿನ್ ಅಧಿಕಾರದ) ಪಾಸ್‌ವರ್ಡ್ ಹೊಡೆದೆ. ಟರ್ಮಿನಲ್ ಪಾಪ, ಒಂದಕ್ಷರವನ್ನೂ ಬಿಟ್ಟುಕೊಡಲಿಲ್ಲ. ಕೆಳಗೆ ಮಾತ್ರ ಒಂದೊಂದೇ ಅಕ್ಷರ, ಪ್ರೊಜೆಕ್ಟರ್ ತುಂಬ. ಟೀ ಬ್ರೇಕ್‌ನಲ್ಲೇ ಪಾಸ್‌ವರ್ಡ್ ಬದಲಾಯಿಸಿದೆ.