ದೋಶಿಯವರಿಗೆ ಪಾಠ ಬಿಡುವಿನ ಕೆಲಸವಾಗಿರಲಿಲ್ಲ

ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ಕಟ್ಟಡದ ಕೆಲಸದ ನಡುವೆ ಬಿಡುವು ಸಿಕ್ಕಾಗ ಪಾಠ ಹೇಳಿದರು ಎಂದು ಲೇಖನವೊಂದರಲ್ಲಿ ಓದಿದೆ; ಆ ಮಾತನ್ನು ನಾನು ಒಪ್ಪಲಾರೆ. 1962ರಲ್ಲಿ ಅಹಮದಾಬಾದಿನಲ್ಲಿ ಅವರು ವಾಸ್ತುಶಿಲ್ಪ ಶಾಲೆ ಶುರುಮಾಡಿದಾಗ (ಅದೇ ಮುಂದೆ ಸೆಪ್ಟ್ ವಿಶ್ವವಿದ್ಯಾಲಯವಾಯಿತು) ಅವರ ಸ್ವಂತ ಕಚೇರಿಯೇ ಇನ್ನೂ ಎಳೆಯದು. ಐಐಎಂ ಅಹಮದಾಬಾದಿಗೆ ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಅವರನ್ನು ಕರೆತರುವ ಓಡಾಟವೂ ಅದೇ ಹೊತ್ತಿನದು. ಬಿಡುವೆಲ್ಲಿತ್ತು?

ಬನ್ನೇರುಘಟ್ಟ ರಸ್ತೆಯಲ್ಲಿ ಅವರೇ ವಿನ್ಯಾಸ ಮಾಡಿದ ಐಐಎಂ ಬೆಂಗಳೂರನ್ನು ನೋಡಿ. ಒರಟು ಕಲ್ಲಿನ ಗೋಡೆ, ಉದ್ದುದ್ದ ಪಡಸಾಲೆ, ಮೇಲಿನ ಕಾಂಕ್ರೀಟ್ ತೊಲೆಗಳ ಸಂದಿಯಿಂದ ಇಳಿಯುವ ಬಿಸಿಲು, ಬಳ್ಳಿ, ನೆರಳು. ಫತೇಪುರ ಸಿಕ್ರಿಯ ಪ್ರೇರಣೆ ಎನ್ನುತ್ತಾರೆ, ಸರಿಯೇ. ಆದರೆ ಬರೀ ಓಡಾಡುವುದಕ್ಕೆ ಅಷ್ಟು ಜಾಗ ಬೇಕಿರಲಿಲ್ಲ. ನಿಂತು ಮಾತಾಡಲು, ವಾದ ಮಾಡಲು ಅಲ್ಲಿ ಜಾಗ ಬಿಟ್ಟಿದ್ದಾರೆ. ಗಂಟೆ ಹೊಡೆದ ಮೇಲೂ ಪಾಠ ಹೊರಗೆ ಮುಂದುವರಿಯುವುದನ್ನು ವರ್ಷಗಟ್ಟಲೆ ಕಂಡ ಮೇಷ್ಟರಿಗೆ ಹೊಳೆಯುವ ವಿಚಾರ ಅದು. ಅವರ ಶಾಲೆ ಅವರ ಕಟ್ಟಡಗಳೊಳಗೆ ಬಂದು ಕೂತಿದೆ ಎಂದೇ ನನ್ನ ನಂಬಿಕೆ.

ಎದುರು ದಿಕ್ಕಿನಲ್ಲೂ ಇದು ನಿಜ: ಕಟ್ಟಡದ ಕೆಲಸವೂ ಪಾಠದೊಳಗೆ ಬಂದು ಕೂರುತ್ತದೆ. ನಾನು ವಾಸ್ತುಶಿಲ್ಪ ಓದುವಾಗ ಸೈಟಿನಿಂದ ನೇರ ಸ್ಟುಡಿಯೋಗೆ ಬರುತ್ತಿದ್ದ ಮೇಷ್ಟರೊಬ್ಬರಿದ್ದರು, ಚಪ್ಪಲಿಗೆ ಸಿಮೆಂಟ್ ಮೆತ್ತಿರುತ್ತಿತ್ತು. ನಾನು ಬರೆದ ಮೆಟ್ಟಿಲಿನ ನಕ್ಷೆ ನೋಡಿ, "ಸೆಂಟ್ರಿಂಗ್ ಬಿಚ್ಚೋನು ಇಲ್ಲಿ ಕೈ ಎಲ್ಲಿ ಹಾಕ್ತಾನಮ್ಮ?" ಅಂದರು (ಸೆಂಟ್ರಿಂಗ್ ಅಂದರೆ ಕಾಂಕ್ರೀಟ್ ಗಟ್ಟಿಯಾಗುವತನಕ ಕೊಡುವ ತಾತ್ಕಾಲಿಕ ಆಸರೆ). ಪುಸ್ತಕ ಮಾತ್ರ ಓದಿ ಬಂದ ಯಾವ ಅಧ್ಯಾಪಕರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಇವತ್ತಿಗೂ ಮೆಟ್ಟಿಲು ಬರೆಯಲು ಕೂತರೆ ಮೊದಲು ನೆನಪಾಗುವುದು ಆ ಪ್ರಶ್ನೆಯೇ.